ದತ್ತು ಕೇಳಿದ ನರಗುಂದ, ಜಾತಿ ನಾಯಿ ಕೇಳುವ ನಾವು

1858ರ ಜೂನ್ 12. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಅವರನ್ನು ಬ್ರಿಟಿಷರು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅವರು ತಿರುಗಿಬಿದ್ದದ್ದಕ್ಕೆ ದೊಡ್ಡ ಕಾರಣ ಏನು ಗೊತ್ತಾ? ಗಂಡು ಸಂತಾನವಿಲ್ಲದ ದೊರೆ ದತ್ತು ತಗೋತೀನಿ ಅಂದ್ರು. ಕಂಪನಿ ಸರ್ಕಾರ ಆಗಲ್ಲ ಅಂತು. ರಕ್ತದ ಮಗನಿದ್ದರೆ ಸಂಸ್ಥಾನ ಉಳೀತು, ಇಲ್ಲಾಂದ್ರೆ ಅದು ನಮ್ಮದು ಅನ್ನೋದು ಆಗಿನ ನೀತಿ.

ಇದಾಗಿ ಹದಿನೈದೇ ವರ್ಷಕ್ಕೆ, 1873ರಲ್ಲಿ, ಅದೇ ಬ್ರಿಟಿಷರ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಹುಟ್ಟಿತು. ನಾಯಿಗಳಿಗೂ ವಂಶಾವಳಿ ಪುಸ್ತಕ ಬಂತು. ಕ್ರಮೇಣ ನಿಯಮ ಬಿಗಿಯಾಯ್ತು: ಪುಸ್ತಕದಲ್ಲಿರುವ ನಾಯಿಯ ಮರಿಯೇ ಶುದ್ಧ, ಹೊರಗಿನ ರಕ್ತಕ್ಕೆ ಬಾಗಿಲು ಬಂದ್. ಇಲ್ಲೂ ದತ್ತು ಇಲ್ಲ!

ಪರಿಣಾಮ? ಸ್ಪೇನ್‌ನ ರಾಜಮನೆತನ ಅದನ್ನ ಮೊದಲೇ ತೋರಿಸಿತ್ತು. ಎರಡನೇ ಚಾರ್ಲ್ಸ್‌ನ ತಂದೆ, ತಾಯಿಗೆ ಸೋದರಮಾವ. ತಲೆಮಾರುಗಳಿಂದ ಮನೆಯೊಳಗೇ ಸಂಬಂಧ. ಹುಟ್ಟಿದಾಗಿನಿಂದ ಕಾಯಿಲೆ, ಎರಡು ಮದುವೆಯಾದರೂ ಮಕ್ಕಳಿಲ್ಲ. 1700ರಲ್ಲಿ ಅವನು ಸತ್ತ, ವಂಶ ಮುಗೀತು, ಯುರೋಪಿನಲ್ಲಿ ಯುದ್ಧ ಶುರುವಾಯ್ತು. ವಿಜ್ಞಾನಿಗಳು ಲೆಕ್ಕ ಹಾಕಿದ್ರೆ, ಒಡಹುಟ್ಟಿದವರಿಗೆ ಹುಟ್ಟಿದ ಮಗುವಿನಷ್ಟೇ ರಕ್ತದ ನಂಟು ಅವನಲ್ಲಿತ್ತು.

ಜೀನ್‌ಗಳು ಜೋಡಿಯಾಗಿರುತ್ತವೆ. ಒಂದು ಕೆಟ್ಟಿದ್ದರೆ ಎಷ್ಟೋ ಸಲ ಇನ್ನೊಂದು ಕಾಯುತ್ತದೆ. ಒಂದೇ ತಾಯಿ-ತಂದೆಯ ಎರಡು ನಾಯಿಗಳನ್ನು ಕೂಡಿಸಿದರೆ, ಮರಿಯ ಜೋಡಿಗಳಲ್ಲಿ ಸರಾಸರಿ ಶೇ 25ರಷ್ಟು ಒಂದೇ ಅಚ್ಚಿನವಾಗುತ್ತವೆ. ಆಗ ಕಾಯುವವರು ಯಾರು?

2008ರಲ್ಲಿ ಬಿಬಿಸಿ ಸಾಕ್ಷ್ಯಚಿತ್ರವೊಂದು ಇದನ್ನೇ ಬಯಲಿಗೆ ತಂತು. ಮಿದುಳಿಗೆ ತಲೆಬುರುಡೆಯಲ್ಲಿ ಜಾಗ ಸಾಲದೆ ನರಳುವ ಕ್ಯಾವಲಿಯರ್ ನಾಯಿಗಳನ್ನು ಜನ ಟಿವಿಯಲ್ಲಿ ನೋಡಿದರು. ಮರುವರ್ಷವೇ ಕೆನಲ್ ಕ್ಲಬ್, ತಾಯಿ-ಮಗ, ತಂದೆ-ಮಗಳು, ಅಣ್ಣ-ತಂಗಿ ನಾಯಿಗಳಿಗೆ ಹುಟ್ಟಿದ ಮರಿಗಳ ನೋಂದಣಿ ನಿಲ್ಲಿಸಿತು. ನೂರಮೂವತ್ತು ವರ್ಷ ಬೇಕಾಯ್ತು!

ಪರಿಹಾರ ಏನು? ದತ್ತು. ಡಾಲ್ಮೇಷಿಯನ್ ತಳಿಯ ಶುದ್ಧ ನಾಯಿಗಳಲ್ಲೆಲ್ಲ ಯೂರಿಕ್ ಆಮ್ಲದ ದೋಷವಿತ್ತು, ಮೂತ್ರದಲ್ಲಿ ಕಲ್ಲು ಕಟ್ಟುತ್ತಿತ್ತು. 1973ರಲ್ಲಿ ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ ಒಂದೇ ಒಂದು ಸಲ ಪಾಯಿಂಟರ್ ನಾಯಿಯ ರಕ್ತ ಸೇರಿಸಿದರು. ಆಮೇಲೆ ಮತ್ತೆ ಡಾಲ್ಮೇಷಿಯನ್ ಜೊತೆಗೇ ಬೆಳೆಸಿದರು. ಚುಕ್ಕಿ ಉಳೀತು, ದೋಷ ಹೋಯ್ತು. ಆದರೂ ಅಮೆರಿಕನ್ ಕೆನಲ್ ಕ್ಲಬ್ ಪೂರ್ತಿ ಒಪ್ಪಿದ್ದು 2011ರಲ್ಲಿ.

ನಮ್ಮ ಕಡೆ ಬನ್ನಿ. ಘೋರ್ಪಡೆ ಅನ್ನೋ ಹೆಸರು ಗಜೇಂದ್ರಗಡದ ಕೋಟೆಗೆ ಹೊಸದಲ್ಲ. ಅದೇ ಹೆಸರಿನ ಮುಧೋಳದ ರಾಜಾ ಮಾಲೋಜಿರಾವ್ ಊರೂರಿನ ಬೇಟೆ ನಾಯಿಗಳಲ್ಲಿ ಚಲೋವನ್ನು ಆರಿಸಿ ಮುಧೋಳ ತಳಿಗೆ ಹೆಸರು ತಂದರು. ಅವರು ನೋಡಿದ್ದು ಓಟ, ದೃಷ್ಟಿ, ತಾಕತ್ತು, ಕಾಗದ ಅಲ್ಲ. ಇವತ್ತು ಅದೇ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರ್ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ.

ರೋಣ, ನರಗುಂದ, ಗಜೇಂದ್ರಗಡದ ಮನೆಗಳಿಗೂ ಈಗ ಲ್ಯಾಬ್ರಡಾರ್, ಶೆಫರ್ಡ್ ಬರ್ತಿವೆ. ಸಾವಿರಾರು ರೂಪಾಯಿ ಕೊಡ್ತೀರಿ, ಸರಿ. ಮಾರುವವರನ್ನ ಒಂದು ಮಾತು ಕೇಳಿ: ಇದರ ತಾಯಿ ಎಲ್ಲಿ, ತಂದೆ ಯಾವ ಊರಿನದು, ಅಜ್ಜ-ಅಜ್ಜಿ ಯಾವುವು? ಒಂದೇ ಹೆಸರು ಎರಡೂ ಕಡೆ ಬಂದರೆ ಎದ್ದು ಬನ್ನಿ. ತಾಯಿ ನಾಯಿಯನ್ನ ತೋರಿಸದಿದ್ದರೂ ಎದ್ದು ಬನ್ನಿ. ತಂದೆ-ತಾಯಿಯ ಸೊಂಟದ ಕೀಲಿನ ಎಕ್ಸ್‌ರೇ ಇದೆಯಾ ಅಂತ ಕೇಳಿ. ಮರಿಯನ್ನ ಪಶುವೈದ್ಯರಿಗೆ ತೋರಿಸಿ, ಆಮೇಲೆ ದುಡ್ಡು ಎಣಿಸಿ.

ಕುರಿ ಸಾಕುವವರನ್ನ ಕೇಳಿ ನೋಡಿ, ಹಿಂಡಿಗೆ ಹೊರಗಿನ ಟಗರು ಯಾಕೆ ಬೇಕು ಅಂತ ಅವರೇ ಹೇಳ್ತಾರೆ. ಹೊರಗಿನ ರಕ್ತ ಬಂದರೆ ಮನೆ ಕೆಡಲ್ಲ, ಉಳಿಯುತ್ತೆ. ನರಗುಂದದ ದೊರೆ ಕೇಳಿದ್ದೂ ಅದನ್ನೇ ಅಲ್ವಾ?