ಅಟ್ಟದ ಗಂಟು

ಮನೆಯಲ್ಲಿ ಸಾಮಾನು ಮಿತವಾಗಿರಲಿ ಎಂಬ ಮಾತು ಕನ್ನಡದ ಹೆಣ್ಣಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ಆಯ್ದಕ್ಕಿ ಲಕ್ಕಮ್ಮ ಅದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳಂತೆ. ಬೇಡದ್ದನ್ನು ಒಳಗೇ ತರದಿರುವುದಕ್ಕಿಂತ ಸುಲಭದ ಉಪಾಯ ಇನ್ನಾವುದಿದೆ?

ಆದರೆ ಆಕೆಯ ವಚನಗಳು ನಮಗೆ ಉಳಿದದ್ದು ಯಾರೋ ಎಸೆಯದೆ ಇಟ್ಟ ತಾಳೆಗರಿಯ ಕಟ್ಟುಗಳಿಂದ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ಅಲೆದು, ಮನೆ-ಮಠಗಳಲ್ಲಿ ಧೂಳು ಹಿಡಿದಿದ್ದ ಇಂಥ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು.

ದಸರೆಗೆ ಅಟ್ಟ ತೆರವು ಮಾಡುವಾಗ ಈ ಇಬ್ಬರನ್ನೂ ನೆನೆಯುತ್ತೇನೆ. ಉಡದ ಸೀರೆ, ಮುಟ್ಟದ ಪಾತ್ರೆಗಳನ್ನು ಬೇಕಾದವರಿಗೆ ಕೊಟ್ಟುಬಿಡುತ್ತೇನೆ. ಅಜ್ಜಿಯ ಹಾಡಿನ ಪುಸ್ತಕ, ಹಳೆಯ ಕಾಗದಗಳನ್ನು ಮಾತ್ರ ಓದದೆ ರದ್ದಿಗೆ ಹಾಕುವುದಿಲ್ಲ. ಹೆಂಗಸರ ಚರಿತ್ರೆ ಬಹುಪಾಲು ಅಂಥ ಗಂಟುಗಳಲ್ಲೇ ಇರುತ್ತದೆ.