ಯಾರು ಯಾರೊಡನೆ ಆಡಬೇಕು?

1970ರ ಮಾರ್ಚ್ ತಿಂಗಳು. ಅಮೆರಿಕದ ಶಾರ್ಲಟ್ ನಗರದ ಒಳಾಂಗಣ ಕ್ರೀಡಾಂಗಣದಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ಅಂತಿಮ ಪಂದ್ಯಕ್ಕೆ ಇಳಿಯಿತು. ಆ ಋತುವಿನಲ್ಲಿ ತನ್ನ ಕಾನ್ಫರೆನ್ಸಿನ ಹದಿನಾಲ್ಕು ಪಂದ್ಯಗಳನ್ನೂ ಗೆದ್ದಿದ್ದ ತಂಡ ಅದು. ಏಳು ಎದುರಾಳಿಗಳನ್ನು ತನ್ನ ಅಂಗಣದಲ್ಲಿ ಒಮ್ಮೆ, ಅವರ ಅಂಗಣದಲ್ಲಿ ಒಮ್ಮೆ ಸೋಲಿಸಿತ್ತು. ಆದರೆ ಅದರ ಮುಖ್ಯ ಆಟಗಾರ ಜಾನ್ ರೋಶ್‌ಗೆ ಹಿಂದಿನ ಪಂದ್ಯದಲ್ಲಿ ಕಾಲು ಉಳುಕಿತ್ತು. ಎದುರಾಳಿ ನಾರ್ತ್ ಕೆರೊಲಿನಾ ಸ್ಟೇಟ್ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು ನಿಧಾನವಾಗಿ ಆಡಿತು. ಎರಡು ಬಾರಿ ಹೆಚ್ಚುವರಿ ಅವಧಿಗೆ ಎಳೆದ ಆ ಪಂದ್ಯದಲ್ಲಿ ಸೌತ್ ಕೆರೊಲಿನಾ 42-39ರಿಂದ ಸೋತಿತು.

ಅಲ್ಲಿಗೆ ಅದರ ಕನಸು ಮುಗಿಯಿತು. ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಒಂದು ಕಾನ್ಫರೆನ್ಸಿನಿಂದ ಒಂದೇ ತಂಡ ಹೋಗಬಹುದು ಎಂಬುದು ಆಗಿನ ನಿಯಮ. ಆ ಒಂದು ತಂಡ ಯಾವುದೆಂದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ, ಋತುವಿನ ಕೊನೆಯ ಟೂರ್ನಿಯಿಂದಲೇ ತೀರ್ಮಾನಿಸುತ್ತಿತ್ತು. ಹದಿನಾಲ್ಕು ಗೆಲುವುಗಳು ಮೂರು ಅಂಕಗಳ ಮುಂದೆ ಲೆಕ್ಕಕ್ಕೆ ಬರಲಿಲ್ಲ. ಮರುವರ್ಷ ಟೂರ್ನಿಯನ್ನೇ ಗೆದ್ದ ಸೌತ್ ಕೆರೊಲಿನಾ 1971ರಲ್ಲಿ ಆ ಕಾನ್ಫರೆನ್ಸನ್ನೇ ಬಿಟ್ಟು ಹೊರನಡೆಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು.

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ನ್ಯಾಯದ ಪ್ರಶ್ನೆ ಹಳೆಯದು. ಸೌತ್ ಕೆರೊಲಿನಾದ ಕಥೆಯಲ್ಲಿ ವೇಳಾಪಟ್ಟಿ ನ್ಯಾಯವಾಗಿಯೇ ಇತ್ತು, ಅದಕ್ಕೆ ಬೆಲೆ ಇರಲಿಲ್ಲ. ಮುಂದಿನ ಐವತ್ತು ವರ್ಷಗಳಲ್ಲಿ ಇದು ತಿರುವುಮುರುವಾಯಿತು. ಋತುವಿನ ಪ್ರತಿಯೊಂದು ಪಂದ್ಯಕ್ಕೂ ಬೆಲೆ ಬಂತು, ವೇಳಾಪಟ್ಟಿಯಲ್ಲಿದ್ದ ನ್ಯಾಯ ಹೋಯಿತು.

ಕಾನ್ಫರೆನ್ಸ್ ಎಂದರೇನು?

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರ್‌ನಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಚಳಿಗಾಲದಲ್ಲಿ ಒಳಗೆ ಆಡಬಹುದಾದ ಆಟವೊಂದನ್ನು ಹುಡುಕುತ್ತಿದ್ದ ವ್ಯಾಯಾಮ ಶಿಕ್ಷಕ ಜೇಮ್ಸ್ ನೈಸ್ಮಿತ್, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲೆ ಕಟ್ಟಿಸಿ ಹದಿಮೂರು ನಿಯಮಗಳನ್ನು ಬರೆದರು. ಆಟ ಬಹುಬೇಗ ಕಾಲೇಜುಗಳಿಗೆ ಹಬ್ಬಿತು.

ಅಮೆರಿಕದಲ್ಲಿ ನೂರಾರು ವಿಶ್ವವಿದ್ಯಾಲಯಗಳಿವೆ. ಎಲ್ಲರೂ ಎಲ್ಲರೊಡನೆ ಆಡುವುದು ಅಸಾಧ್ಯ. ಆದ್ದರಿಂದ ಅಕ್ಕಪಕ್ಕದ, ಸರಿಸುಮಾರು ಒಂದೇ ಮಟ್ಟದ ವಿಶ್ವವಿದ್ಯಾಲಯಗಳು ಸೇರಿ ಒಂದೊಂದು ಒಕ್ಕೂಟ ಮಾಡಿಕೊಂಡವು. ಅದಕ್ಕೆ ಕಾನ್ಫರೆನ್ಸ್ ಎಂದು ಹೆಸರು. ಇಂದು ಬಿಗ್ ಟೆನ್ ಎಂದು ಕರೆಯಲಾಗುವ ಒಕ್ಕೂಟ 1896ರಲ್ಲಿ ಏಳು ವಿಶ್ವವಿದ್ಯಾಲಯಗಳಿಂದ ಆರಂಭವಾಯಿತು. ಎಸಿಸಿ ಹುಟ್ಟಿದ್ದು 1953ರಲ್ಲಿ. ಮೊದಲು ಏಳು ಸದಸ್ಯರು, ಅದೇ ವರ್ಷದ ಕೊನೆಗೆ ವರ್ಜೀನಿಯಾ ಸೇರಿ ಎಂಟು.

ಇಂಥ ಸಣ್ಣ ಒಕ್ಕೂಟದಲ್ಲಿ ವೇಳಾಪಟ್ಟಿಯ ಸಮಸ್ಯೆಗೆ ಸರಳ ಉತ್ತರವಿದೆ. ಪ್ರತಿ ತಂಡವೂ ಉಳಿದ ಎಲ್ಲ ತಂಡಗಳೊಡನೆ ಎರಡು ಬಾರಿ ಆಡಬೇಕು: ಒಮ್ಮೆ ತವರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ. ಇದಕ್ಕೆ ಡಬಲ್ ರೌಂಡ್ ರಾಬಿನ್ ಎನ್ನುತ್ತಾರೆ. ಎಂಟು ತಂಡಗಳಾದರೆ ತಲಾ 14 ಪಂದ್ಯ, ಹತ್ತು ತಂಡಗಳಾದರೆ 18.

ಎರಡು ಬಾರಿ ಆಡುವುದಕ್ಕೆ ಬಲವಾದ ಕಾರಣವಿದೆ. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ತವರಿನ ತಂಡ ಹತ್ತರಲ್ಲಿ ಆರಕ್ಕಿಂತ ಹೆಚ್ಚು ಪಂದ್ಯಗಳನ್ನು ಗೆಲ್ಲುತ್ತದೆ. ಅಂಗಣದ ಅಂಚಿನವರೆಗೂ ವಿದ್ಯಾರ್ಥಿಗಳು ತುಂಬಿರುತ್ತಾರೆ, ಅವರ ಕೂಗಿನಲ್ಲಿ ಎದುರಾಳಿ ಕೋಚ್‌ನ ಮಾತು ಅವನ ಆಟಗಾರರಿಗೇ ಕೇಳಿಸದು. ಪ್ರಬಲ ತಂಡವೊಂದನ್ನು ಅದರ ಊರಿನಲ್ಲಿ ಎದುರಿಸುವುದಕ್ಕೂ ನಮ್ಮ ಊರಿಗೆ ಕರೆಸಿ ಎದುರಿಸುವುದಕ್ಕೂ ಅಜಗಜಾಂತರ.

ಸಮಾನತೆಯೊಳಗಿನ ಅಸಮಾನತೆ

ಎಲ್ಲರೂ ಎಲ್ಲರೊಡನೆ ಎರಡು ಬಾರಿ ಆಡಿದರೂ ತಕರಾರು ಪೂರ್ತಿ ಮುಗಿಯುವುದಿಲ್ಲ. ಯಾರೊಡನೆ ಎಂಬುದು ಸಮನಾದರೂ ಯಾವಾಗ ಎಂಬುದು ಸಮನಲ್ಲ. ಸತತ ಮೂರು ಪಂದ್ಯಗಳನ್ನು ಹೊರ ಊರಿನಲ್ಲಿ ಆಡಿ ದಣಿದ ತಂಡದ ಮುಂದೆ, ವಾರವಿಡೀ ವಿಶ್ರಾಂತಿ ಪಡೆದ ತಂಡ ಬಂದು ನಿಲ್ಲಬಹುದು.

1991ರಲ್ಲಿ ಫ್ಲೋರಿಡಾ ಸ್ಟೇಟ್ ಸೇರಿದ ಮೇಲೆ ಎಸಿಸಿಯಲ್ಲಿ ಒಂಬತ್ತು ತಂಡಗಳಾದವು. ಬೆಸ ಸಂಖ್ಯೆಯಾದ್ದರಿಂದ ಪ್ರತಿ ಸುತ್ತಿನಲ್ಲೂ ಒಂದು ತಂಡ ಸುಮ್ಮನೆ ಕೂರಬೇಕು. ತಲಾ 16 ಪಂದ್ಯ, ಒಟ್ಟು 72. ಇದರ ಮೇಲೆ ಟಿವಿಯವರ ಬೇಡಿಕೆ ಬೇರೆ. ಹದಿನೈದಿಪ್ಪತ್ತು ಕಿಲೋಮೀಟರ್ ಅಂತರದಲ್ಲಿರುವ ಡ್ಯೂಕ್ ಮತ್ತು ನಾರ್ತ್ ಕೆರೊಲಿನಾ ತಂಡಗಳ ಕಾದಾಟ ಋತುವಿನ ಕೊನೆಯ ದಿನಕ್ಕೇ ಬೇಕು. ಯಾವ ತಂಡಕ್ಕೂ ಹೊರ ಊರಿನ ಪಂದ್ಯಗಳು ಒಂದರ ಹಿಂದೊಂದು ಹೆಚ್ಚು ಬೀಳಬಾರದು. ಈ ಕಗ್ಗಂಟನ್ನು 1997-98ರ ಋತುವಿಗಾಗಿ ಬಿಡಿಸಿದವರು ಜಾರ್ಜ್ ನೆಮ್ಹೌಸರ್ ಮತ್ತು ಮೈಕೆಲ್ ಟ್ರಿಕ್ ಎಂಬ ಇಬ್ಬರು ಪ್ರಾಧ್ಯಾಪಕರು. ಗಣಿತ ಮತ್ತು ಕಂಪ್ಯೂಟರ್ ನೆರವಿನಿಂದ ಅವರು ಮಾಡಿಕೊಟ್ಟ ಪಟ್ಟಿಯನ್ನೇ ಕಾನ್ಫರೆನ್ಸ್ ಬಳಸಿತು. 1998ರಲ್ಲಿ ಅವರು ಪ್ರಕಟಿಸಿದ ಪ್ರಬಂಧ ಕ್ರೀಡಾ ವೇಳಾಪಟ್ಟಿಯ ಅಧ್ಯಯನದಲ್ಲಿ ಹೆಸರಾಗಿದೆ.

ಪಶ್ಚಿಮ ಕರಾವಳಿಯ ಪ್ಯಾಕ್-10 ಕಾನ್ಫರೆನ್ಸ್‌ಗೆ ಭೂಗೋಳವೇ ಸಹಾಯಕ್ಕೆ ಬಂದಿತ್ತು. 1978ರಿಂದ ಅಲ್ಲಿದ್ದ ಹತ್ತು ವಿಶ್ವವಿದ್ಯಾಲಯಗಳು ಐದು ಜೋಡಿಗಳಾಗಿದ್ದವು. ಲಾಸ್ ಏಂಜಲೀಸ್‌ನ ಎರಡು, ಸ್ಯಾನ್‌ಫ್ರಾನ್ಸಿಸ್ಕೊ ಸುತ್ತಲಿನ ಎರಡು, ಆರೆಗಾನ್, ವಾಷಿಂಗ್ಟನ್, ಅರಿಜೋನಾ ರಾಜ್ಯಗಳ ತಲಾ ಎರಡು. ಒಂದು ತಂಡ ಒಮ್ಮೆ ಪ್ರಯಾಣ ಹೊರಟರೆ ಗುರುವಾರ ಒಬ್ಬರೊಡನೆ, ಶನಿವಾರ ಜೋಡಿಯ ಇನ್ನೊಬ್ಬರೊಡನೆ ಆಡಿ ಮರಳುತ್ತಿತ್ತು. ಪೂರ್ವದ ಐವಿ ಲೀಗ್‌ನ ಎಂಟು ವಿಶ್ವವಿದ್ಯಾಲಯಗಳೂ ದಶಕಗಳ ಕಾಲ ಹೀಗೆಯೇ ಜೋಡಿ ಕಟ್ಟಿ, ತರಗತಿಗಳು ತಪ್ಪದಂತೆ ಶುಕ್ರವಾರ ಮತ್ತು ಶನಿವಾರ ರಾತ್ರಿ ಆಡಿದವು.

ಒಂದೊಂದು ಸೋಲಿಗೂ ಬೆಲೆ

1974ರ ಎಸಿಸಿ ಟೂರ್ನಿಯ ಫೈನಲ್ ಅಮೆರಿಕನ್ನರು ಇಂದಿಗೂ ನೆನೆಯುವ ಪಂದ್ಯ. ನಾರ್ತ್ ಕೆರೊಲಿನಾ ಸ್ಟೇಟ್ 103, ಮೇರಿಲ್ಯಾಂಡ್ 100. ಗೆದ್ದ ತಂಡ ಮುಂದೆ ಹೋಗಿ ರಾಷ್ಟ್ರೀಯ ಚಾಂಪಿಯನ್ ಆಯಿತು. ದೇಶದ ಮೊದಲ ಐದು ತಂಡಗಳಲ್ಲಿ ಒಂದೆನಿಸಿದ್ದ ಮೇರಿಲ್ಯಾಂಡ್‌ಗೆ ರಾಷ್ಟ್ರೀಯ ಟೂರ್ನಿಯ ಬಾಗಿಲೇ ತೆರೆಯಲಿಲ್ಲ. ಮರುವರ್ಷ ರಾಷ್ಟ್ರೀಯ ಟೂರ್ನಿಯನ್ನು 32 ತಂಡಗಳಿಗೆ ವಿಸ್ತರಿಸಲಾಯಿತು. ಒಂದೇ ಕಾನ್ಫರೆನ್ಸಿನಿಂದ ಒಂದಕ್ಕಿಂತ ಹೆಚ್ಚು ತಂಡಗಳಿಗೂ ಅವಕಾಶ ಸಿಕ್ಕಿತು. 1939ರಲ್ಲಿ ಎಂಟು ತಂಡಗಳಿಂದ ಆರಂಭವಾಗಿದ್ದ ಈ ಟೂರ್ನಿ 1985ರಲ್ಲಿ 64ಕ್ಕೆ, 2011ರಲ್ಲಿ 68ಕ್ಕೆ ಏರಿತು.

ಚಾಂಪಿಯನ್ನರಲ್ಲದವರನ್ನೂ ಆರಿಸಬೇಕೆಂದರೆ ಆರಿಸುವವರು ಬೇಕು, ಅವರಿಗೊಂದು ಅಳತೆಗೋಲು ಬೇಕು. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ 1981ರಲ್ಲಿ ಆರ್‌ಪಿಐ ಎಂಬ ಸೂತ್ರವನ್ನು ತಂದಿತು. ಇದರಲ್ಲಿ ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಇದ್ದ ತೂಕ ನೂರಕ್ಕೆ 25 ಮಾತ್ರ. ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ 50, ಆ ಎದುರಾಳಿಗಳ ಎದುರಾಳಿಗಳಿಗೆ ಉಳಿದ 25. ಅಂದರೆ ಹೇಗೆ ಆಡಿದಿರಿ ಎನ್ನುವುದಕ್ಕಿಂತ ಯಾರೊಡನೆ ಆಡಿದಿರಿ ಎನ್ನುವುದೇ ಮೂರು ಪಟ್ಟು ಭಾರ. 2004-05ರಿಂದ ಹೊರ ಊರಿನ ಗೆಲುವನ್ನು 1.4 ಎಂದೂ ತವರಿನ ಗೆಲುವನ್ನು 0.6 ಎಂದೂ ಎಣಿಸತೊಡಗಿದರು. 2018-19ರಲ್ಲಿ ಆರ್‌ಪಿಐ ಬದಲು ನೆಟ್ ಎಂಬ ಹೊಸ ಶ್ರೇಯಾಂಕ ಬಂತು. ಆದರೂ ಎದುರಾಳಿಯ ಬಲ ಮತ್ತು ಪಂದ್ಯದ ಸ್ಥಳ ನಿರ್ಣಾಯಕವಾಗಿಯೇ ಉಳಿದವು.

ಹೀಗೆ ವೇಳಾಪಟ್ಟಿ ಎಂಬುದು ಬರೀ ದಿನಾಂಕಗಳ ಪಟ್ಟಿಯಾಗಿ ಉಳಿಯಲಿಲ್ಲ. ವಿದ್ಯಾರ್ಥಿಯೊಬ್ಬನ ನಾಲ್ಕು ವರ್ಷಗಳ ಆಟ ರಾಷ್ಟ್ರೀಯ ಟೂರ್ನಿಯಲ್ಲಿ ಕೊನೆಗೊಳ್ಳುತ್ತದೋ ಮನೆಯ ಟಿವಿಯ ಮುಂದೋ ಎಂಬುದರಲ್ಲಿ ಅದರ ಪಾಲೂ ಸೇರಿತು.

ಫುಟ್‌ಬಾಲ್‌ನ ಗಣಿತ

ಸರಿಯಾಗಿ ಈ ಹೊತ್ತಿಗೇ ಡಬಲ್ ರೌಂಡ್ ರಾಬಿನ್ ಕುಸಿಯತೊಡಗಿತು. ಅದಕ್ಕೆ ಕಾರಣ ಬ್ಯಾಸ್ಕೆಟ್‌ಬಾಲ್ ಅಲ್ಲ, ಅಮೆರಿಕನ್ ಫುಟ್‌ಬಾಲ್.

ಕಾಲೇಜು ಫುಟ್‌ಬಾಲ್‌ನ ಟಿವಿ ಪ್ರಸಾರದ ಮೇಲೆ ಎನ್‌ಸಿಎಎ ಇಟ್ಟುಕೊಂಡಿದ್ದ ಹಿಡಿತವನ್ನು ಅಮೆರಿಕದ ಸುಪ್ರೀಂ ಕೋರ್ಟ್ 1984ರಲ್ಲಿ ರದ್ದುಪಡಿಸಿತು. ಆನಂತರ ಕಾನ್ಫರೆನ್ಸುಗಳೇ ಟಿವಿ ಕಂಪೆನಿಗಳೊಡನೆ ವ್ಯವಹಾರಕ್ಕೆ ಇಳಿದವು. ಸದಸ್ಯರು ಹೆಚ್ಚಿದಷ್ಟೂ ಹೆಚ್ಚು ನಗರಗಳು, ಹೆಚ್ಚು ವೀಕ್ಷಕರು, ಹೆಚ್ಚು ಹಣ. ಬಿಗ್ ಟೆನ್ 1990ರಲ್ಲಿ ಪೆನ್ ಸ್ಟೇಟನ್ನು ಸೇರಿಸಿಕೊಂಡು ಹನ್ನೊಂದಾಯಿತು. ಹೆಸರು ಮಾತ್ರ ಹತ್ತೇ ಉಳಿಯಿತು. ಫುಟ್‌ಬಾಲ್‌ನಲ್ಲಿ ಕಾನ್ಫರೆನ್ಸ್ ಫೈನಲ್ ನಡೆಸಲು ಹನ್ನೆರಡು ಸದಸ್ಯರು ಬೇಕೆಂಬ ನಿಯಮ ಆಗ ಇತ್ತು. ಎಸಿಸಿ 2004 ಮತ್ತು 2005ರಲ್ಲಿ ಮೂವರನ್ನು ಸೇರಿಸಿಕೊಂಡು ಹನ್ನೆರಡು ಮುಟ್ಟಿತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಹನ್ನೆರಡು ತಂಡಗಳು ಪರಸ್ಪರ ಎರಡು ಬಾರಿ ಆಡಲು ತಲಾ 22 ಪಂದ್ಯ ಬೇಕು. ಎಸಿಸಿ ಹದಿನಾರಕ್ಕೇ ನಿಂತಿತು. ಎರಡು ಬಾರಿ ಭೇಟಿಯಾಗುವ ಪದ್ಧತಿ ಅಲ್ಲಿಗೆ ಕೊನೆಗೊಂಡಿತು.

ಆಗ ಹೊಸ ಪ್ರಶ್ನೆ ಎದ್ದಿತು: ಯಾರೊಡನೆ ಎರಡು ಬಾರಿ, ಯಾರೊಡನೆ ಒಂದೇ ಬಾರಿ? ಹಿಂದೆ ಇದನ್ನು ಯಾರೂ ತೀರ್ಮಾನಿಸಬೇಕಿರಲಿಲ್ಲ. ಈಗ ಯಾರೋ ಒಬ್ಬರು ಕಚೇರಿಯಲ್ಲಿ ಕೂತು ತೀರ್ಮಾನಿಸಬೇಕು. ಬಲಿಷ್ಠರೊಡನೆ ಎರಡೆರಡು ಬಾರಿ ಆಡಿದ ತಂಡ ಸೋತು ಕೆಳಗಿಳಿಯಬಹುದು. ದುರ್ಬಲರೊಡನೆ ಎರಡೆರಡು ಬಾರಿ ಆಡಿದ ತಂಡ ಪಟ್ಟಿಯಲ್ಲಿ ಮೇಲೆ ನಿಂತರೂ, ಆಯ್ಕೆ ಸಮಿತಿ ಅದರ ಗೆಲುವುಗಳನ್ನು ಹಗುರವೆಂದು ತಳ್ಳಿಹಾಕಬಹುದು. ತಂಡದ ಕೈಯಲ್ಲಿ ಎರಡೂ ಇಲ್ಲ.

2018-19ರಲ್ಲಿ ಕಾನ್ಫರೆನ್ಸ್ ಯುಎಸ್‌ಎ ಎಂಬ ಒಕ್ಕೂಟ ಒಂದು ವಿಚಿತ್ರ ಪ್ರಯೋಗ ಮಾಡಿತು. ಹದಿನಾಲ್ಕು ತಂಡಗಳೂ ಮೊದಲು ಹದಿನಾಲ್ಕು ಪಂದ್ಯಗಳನ್ನು ಆಡಿದವು. ಬಳಿಕ ಮೊದಲ ಐದು, ನಡುವಿನ ಐದು, ಕೊನೆಯ ನಾಲ್ಕು ಎಂದು ವಿಂಗಡಿಸಿ, ಉಳಿದ ನಾಲ್ಕು ಪಂದ್ಯಗಳನ್ನು ಆಯಾ ಗುಂಪಿನೊಳಗೇ ಆಡಿಸಲಾಯಿತು. ಮೇಲಿನ ತಂಡಗಳು ಮೇಲಿನವರೊಡನೆ ಆಡಿ ರಾಷ್ಟ್ರೀಯ ಸಮಿತಿಯ ಕಣ್ಣಿಗೆ ಬೀಳಲಿ ಎಂಬುದು ಉದ್ದೇಶ. ವೇಳಾಪಟ್ಟಿ ಸಮನಾಗಿರಬೇಕು ಎಂಬ ಆದರ್ಶವನ್ನು ಇಲ್ಲಿ ತಿಳಿದೇ ಕೈಬಿಡಲಾಗಿತ್ತು.

2024ರಲ್ಲಿ ಹಳೆಯ ಭೂಗೋಳವೂ ಅಳಿಯಿತು. ಪ್ಯಾಕ್-12 ಆಗಿ ಬೆಳೆದಿದ್ದ ಪಶ್ಚಿಮದ ಒಕ್ಕೂಟದಿಂದ ಹತ್ತು ಸದಸ್ಯರು ಹೊರನಡೆದರು. ಪೆಸಿಫಿಕ್ ತೀರದ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ, ಅಟ್ಲಾಂಟಿಕ್ ತೀರದ ಹೆಸರು ಹೊತ್ತ ಎಸಿಸಿಗೆ ಸೇರಿದವು. ಬಿಗ್ ಟೆನ್‌ನಲ್ಲಿ ನ್ಯೂಜೆರ್ಸಿಯಿಂದ ಲಾಸ್ ಏಂಜಲೀಸ್‌ವರೆಗೆ ಹದಿನೆಂಟು ತಂಡಗಳಾದವು. ಎರಡು ಬಾರಿ ಆಡಬೇಕೆಂದರೆ ತಲಾ 34 ಪಂದ್ಯ. 2024-25ರಲ್ಲಿ ಆಡಿದ್ದು 20: ಮೂವರೊಡನೆ ಎರಡು ಬಾರಿ, ಹದಿನಾಲ್ವರೊಡನೆ ಒಂದೇ ಬಾರಿ.

ಈ ಲೆಕ್ಕ ಭಾರತದ ಕ್ರಿಕೆಟ್ ಪ್ರೇಮಿಗಳಿಗೆ ಅಪರಿಚಿತವಲ್ಲ. 2008ರ ಮೊದಲ ಐಪಿಎಲ್‌ನಲ್ಲಿ ಎಂಟು ತಂಡಗಳು ತಲಾ 14 ಲೀಗ್ ಪಂದ್ಯಗಳನ್ನು ಆಡಿದವು, ಎಲ್ಲರೂ ಎಲ್ಲರೊಡನೆ ಎರಡು ಬಾರಿ. 2022ರಲ್ಲಿ ತಂಡಗಳು ಹತ್ತಾದರೂ ಪಂದ್ಯಗಳು ಹದಿನಾಲ್ಕೇ ಉಳಿದವು. ಹಾಗಾಗಿ ಐವರೊಡನೆ ಎರಡು ಬಾರಿ, ನಾಲ್ವರೊಡನೆ ಒಂದು ಬಾರಿ.

ಉಳಿದುಕೊಂಡವರು

ಹಳೆಯ ಪದ್ಧತಿ ಪೂರ್ತಿ ಸತ್ತಿಲ್ಲ. ಅದಕ್ಕೆ ಒಳ್ಳೆಯ ನಿದರ್ಶನ ಬಿಗ್ ಈಸ್ಟ್. 1979ರಲ್ಲಿ ಏಳು ವಿಶ್ವವಿದ್ಯಾಲಯಗಳೊಡನೆ ಬ್ಯಾಸ್ಕೆಟ್‌ಬಾಲ್‌ಗಾಗಿಯೇ ಹುಟ್ಟಿದ ಈ ಒಕ್ಕೂಟ ಕೂಡ ಫುಟ್‌ಬಾಲ್‌ನ ಬೆನ್ನುಹತ್ತಿ 2005ರಲ್ಲಿ ಹದಿನಾರು ತಂಡಗಳಿಗೆ ಬೆಳೆಯಿತು. 2007-08ರಿಂದ ಅಲ್ಲಿ 18 ಪಂದ್ಯಗಳಿದ್ದವು, ಎರಡು ಬಾರಿ ಭೇಟಿ ಮೂವರೊಡನೆ ಮಾತ್ರ. ಕೊನೆಗೆ 2013ರಲ್ಲಿ ದೊಡ್ಡ ಫುಟ್‌ಬಾಲ್ ಇಲ್ಲದ ಏಳು ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳು ಬೇರೆಯಾದವು. ಬಿಗ್ ಈಸ್ಟ್ ಎಂಬ ಹೆಸರನ್ನು ತಾವೇ ಉಳಿಸಿಕೊಂಡು, ಇನ್ನು ಮೂವರನ್ನು ಕೂಡಿಸಿಕೊಂಡು ಹತ್ತಾದವು. ತಲಾ 18 ಪಂದ್ಯ, ಎಲ್ಲರೊಡನೆ ಎರಡು ಬಾರಿ. 2020ರಲ್ಲಿ ಕನೆಕ್ಟಿಕಟ್ ಮರಳಿದಾಗ ತಂಡ ಹನ್ನೊಂದು, ಪಂದ್ಯ ಇಪ್ಪತ್ತು. ಹೊಸಬರು ಬಂದರೆ ಪಂದ್ಯಗಳನ್ನು ಹೆಚ್ಚಿಸಿದರೇ ಹೊರತು ಭೇಟಿಗಳನ್ನು ಕಡಿಮೆ ಮಾಡಲಿಲ್ಲ.

ಇದರಿಂದ ಆಟದ ಮಟ್ಟ ಕುಸಿಯಿತೇ? ಇಲ್ಲ. ಈ ಒಕ್ಕೂಟದ ವಿಲನೋವಾ 2016 ಮತ್ತು 2018ರಲ್ಲಿ, ಕನೆಕ್ಟಿಕಟ್ 2023 ಮತ್ತು 2024ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದವು. ಐವಿ ಲೀಗ್ ಕೂಡ ತನ್ನ ಹದಿನಾಲ್ಕು ಪಂದ್ಯಗಳ ಪದ್ಧತಿಯನ್ನು ಬಿಡಲಿಲ್ಲ. ಆದರೆ ಋತುವಿನ ವಿಜೇತರನ್ನೇ ನೇರವಾಗಿ ರಾಷ್ಟ್ರೀಯ ಟೂರ್ನಿಗೆ ಕಳುಹಿಸುತ್ತಿದ್ದ ಆ ಲೀಗ್ 2017ರಲ್ಲಿ ತಾನೂ ಕೊನೆಯ ಟೂರ್ನಿಯೊಂದನ್ನು ಆರಂಭಿಸಿತು. ಸೌತ್ ಕೆರೊಲಿನಾದ 1970ರ ಸಂಕಟ ಅಲ್ಲಿ ಮತ್ತೆ ಸಾಧ್ಯವಾಗಿದೆ.

ದೊಡ್ಡ ಕಾನ್ಫರೆನ್ಸುಗಳು ಹಿಂದಕ್ಕೆ ಹೋಗುವ ಸೂಚನೆ ಇಲ್ಲ. ಹದಿನೆಂಟು ತಂಡಗಳ ಪಟ್ಟಿಯನ್ನು ಎಂಥ ಜಾಣ ಕಂಪ್ಯೂಟರ್ ಮಾಡಿದರೂ ಒಂದು ತಂಡಕ್ಕೆ ಸಿಕ್ಕ ಎದುರಾಳಿಗಳು ಇನ್ನೊಂದಕ್ಕೆ ಸಿಗುವುದಿಲ್ಲ. ಅಲ್ಲಿ ಮೊದಲ ಸ್ಥಾನ ಪಡೆದ ತಂಡವನ್ನು ಯಾರೊಡನೆ ಎರಡು ಬಾರಿ ಆಡಿತು ಎಂದು ಕೇಳುವವರು ಇದ್ದೇ ಇರುತ್ತಾರೆ. 1970ರ ಸೌತ್ ಕೆರೊಲಿನಾ ತಂಡವನ್ನು ಹಾಗೆ ಕೇಳಲು ಯಾರಿಗೂ ಆಸ್ಪದವಿರಲಿಲ್ಲ. ಏಳೂ ಮಂದಿಯೊಡನೆ ಎರಡೆರಡು ಬಾರಿ ಆಡಿ ಗೆದ್ದಿತ್ತು.