ಹೆಸರು ಮರಳಿ ಪಡೆದ ನಗರ

ಇಟಲಿ ದೇಶದ ನೇಪಲ್ಸ್ ಕೊಲ್ಲಿಯ ತೀರದಲ್ಲಿ ವೆಸೂವಿಯಸ್ ಎಂಬ ಅಗ್ನಿಪರ್ವತವಿದೆ. ಕ್ರಿ. ಶ. 79ರಲ್ಲಿ ಅದು ಸಿಡಿದಾಗ ಪೊಂಪೇಯಿ, ಹರ್ಕ್ಯುಲೇನಿಯಂ, ಸ್ಟೇಬಿಯಾ ಎಂಬ ರೋಮನ್ ಊರುಗಳು ಹೂತುಹೋದುವು. ಪೊಂಪೇಯಿಯ ಮೇಲೆ ಮೊದಲು ಹಗುರವಾದ ನೊರೆಗಲ್ಲಿನ ಮಳೆ ಗಂಟೆಗಟ್ಟಲೆ ಸುರಿಯಿತು. ಅದರ ಭಾರಕ್ಕೆ ಮಾಡುಗಳು ಕುಸಿದುವು. ಮರುದಿನ ಬೆಳಗ್ಗೆ ಕಾದ ಬೂದಿ ಮತ್ತು ಅನಿಲಗಳ ಪ್ರವಾಹವು ಬೆಟ್ಟದಿಂದಿಳಿದು, ಊರಲ್ಲಿ ಉಳಿದಿದ್ದವರ ಉಸಿರನ್ನು ನಿಲ್ಲಿಸಿತು. ಕೊಲ್ಲಿಯ ಇನ್ನೊಂದು ಬದಿಯ ಮಿಸೇನಂನಿಂದ ಹದಿನೇಳು ವರ್ಷದ ಕಿರಿಯ ಪ್ಲಿನಿ ಈ ಉತ್ಪಾತವನ್ನು ಕಂಡನು. ಜನರನ್ನು ಪಾರುಮಾಡಲು ಹಡಗುಗಳೊಡನೆ ಹೊರಟ ಅವನ ಸೋದರಮಾವ ಹಿರಿಯ ಪ್ಲಿನಿ ಸ್ಟೇಬಿಯಾದಲ್ಲಿ ಮಡಿದನು. ಕಿರಿಯ ಪ್ಲಿನಿಯು ಮುಂದೆ ಇತಿಹಾಸಕಾರ ಟ್ಯಾಸಿಟಸನಿಗೆ ಈ ಕುರಿತು ಬರೆದ ಎರಡು ಪತ್ರಗಳು ಇಂದಿಗೂ ಉಳಿದಿವೆ.

ಹೀಗೆ ಪೊಂಪೇಯಿಯ ಹೆಸರು ಗ್ರಂಥಗಳಲ್ಲಿ ಉಳಿಯಿತು; ಅದರ ನೆಲೆ ಮಾತ್ರ ಮರೆತುಹೋಯಿತು. ಹೂತ ನಗರದ ಮೇಲೆ ಬೇಸಾಯ ನಡೆಯಿತು. ಸುತ್ತಲಿನ ರೈತರು ಆ ದಿಬ್ಬವನ್ನು ‘ಚಿವಿತಾ’, ಅಂದರೆ ‘ನಗರ’, ಎಂದು ಕರೆಯುತ್ತಿದ್ದರು. ಇಲ್ಲೊಂದು ನಗರವಿತ್ತೆಂಬುದು ಜನರ ನಾಲಗೆಯ ಮೇಲಿತ್ತು. ಅದು ಯಾವ ನಗರವೆಂಬುದು ಯಾರಿಗೂ ತಿಳಿದಿರಲಿಲ್ಲ.

ಹದಿನಾರನೆಯ ಶತಮಾನದ ಕೊನೆಯಲ್ಲಿ ಡೊಮೆನಿಕೊ ಫೊಂಟಾನಾ ಎಂಬ ವಾಸ್ತುಶಿಲ್ಪಿಯು ಸಾರ್ನೊ ನದಿಯ ನೀರನ್ನು ಒಯ್ಯಲು ಆ ದಿಬ್ಬದೊಳಗೆ ಕಾಲುವೆಯನ್ನು ಕೊರೆಯಿಸಿದನು. ಗುದ್ದಲಿಗಳಿಗೆ ಗೋಡೆಗಳು ತಗುಲಿದುವು. ಬರಹವುಳ್ಳ ಕಲ್ಲುಗಳೂ ದೊರೆತುವು. ಕಾಲುವೆ ನಗರದೊಳಗಿಂದಲೇ ಹಾದುಹೋಯಿತು; ಆದರೂ ನಗರವನ್ನು ಗುರುತಿಸಿದವರಿಲ್ಲ. ಕಾಣುವುದು ಬೇರೆ, ಅರಿಯುವುದು ಬೇರೆ.

1738ರಲ್ಲಿ ನೇಪಲ್ಸಿನ ದೊರೆ ಚಾರ್ಲ್ಸನು ಹರ್ಕ್ಯುಲೇನಿಯಂನಲ್ಲಿ ಅಗೆತವನ್ನು ಆರಂಭಿಸಿದನು. 1748ರಲ್ಲಿ ಚಿವಿತಾ ದಿಬ್ಬದ ಸರದಿ ಬಂದಿತು. ಅಗೆತದ ಹೊಣೆ ಹೊತ್ತ ಸ್ಪೇನಿನ ಸೈನ್ಯದ ಎಂಜಿನಿಯರ್ ಆಲ್ಕುಬಿಯೆರೆ ಇದನ್ನು ಸ್ಟೇಬಿಯಾ ಎಂದು ಭಾವಿಸಿದ್ದನು. ದೊರೆಗೆ ಬೇಕಾಗಿದ್ದುದು ಅರಮನೆಯನ್ನು ಅಲಂಕರಿಸುವ ವಿಗ್ರಹಗಳು. ಚೆಲುವಾದ ಭಿತ್ತಿಚಿತ್ರಗಳನ್ನು ಗೋಡೆಯಿಂದ ಕತ್ತರಿಸಿ ಒಯ್ದರು. ಅಗೆದ ಗುಂಡಿಗಳನ್ನು ಎಷ್ಟೋ ಕಡೆ ಮತ್ತೆ ಮುಚ್ಚಿದರು. ಅವನ ಕೈಕೆಳಗಿದ್ದ ಸ್ವಿಸ್ ಎಂಜಿನಿಯರ್ ಕಾರ್ಲ್ ವೇಬರನೊಬ್ಬನು ಕಟ್ಟಡಗಳ ನಕ್ಷೆಗಳನ್ನು ಶ್ರದ್ಧೆಯಿಂದ ಬರೆದಿಡುತ್ತಿದ್ದನು. ಜರ್ಮನ್ ವಿದ್ವಾಂಸ ವಿಂಕೆಲ್‌ಮನ್ 1762ರಲ್ಲಿ ಅಗೆತದ ಕ್ರಮವನ್ನು ಕಟುವಾಗಿ ಖಂಡಿಸಿದನು.

1763ರಲ್ಲಿ ನಗರದ ಹೆಬ್ಬಾಗಿಲೊಂದರ ಹೊರಗೆ ಒಂದು ಶಿಲಾಶಾಸನ ದೊರೆಯಿತು. ಖಾಸಗಿಯವರು ಒತ್ತುವರಿ ಮಾಡಿದ್ದ ಸಾರ್ವಜನಿಕ ಭೂಮಿಯನ್ನು ಚಕ್ರವರ್ತಿ ವೆಸ್ಪೇಸಿಯನನ ಆಜ್ಞೆಯಂತೆ ಸುಯೇಡಿಯಸ್ ಕ್ಲೆಮೆನ್ಸ್ ಎಂಬ ಅಧಿಕಾರಿಯು ಪೊಂಪೇಯಿಯ ಪೌರರಿಗೆ ಮರಳಿ ಕೊಡಿಸಿದನೆಂಬುದು ಅದರ ಸಾರ. ಹದಿನೈದು ವರ್ಷಗಳ ಅಗೆತದಲ್ಲಿ ಬಂದ ವಿಗ್ರಹಗಳಾವುವೂ ಹೇಳದ ಊರ ಹೆಸರನ್ನು ಜಮೀನಿನ ತಕರಾರಿನ ಈ ಕಲ್ಲು ಹೇಳಿತು. ಪೊಂಪೇಯಿ ತನ್ನ ಹೆಸರನ್ನು ಮರಳಿ ಪಡೆಯಿತು.

ಹೆಸರು ತಿಳಿದರೂ ಅಲ್ಲಿ ಬಾಳಿದವರ ಪರಿಚಯಕ್ಕೆ ಇನ್ನೂ ನೂರು ವರ್ಷ ಬೇಕಾಯಿತು. 1860ರ ದಶಕದಲ್ಲಿ ಉತ್ಖನನದ ಹೊಣೆ ಹೊತ್ತ ಜುಸೆಪ್ಪೆ ಫಿಯೊರೆಲ್ಲಿಯು ಮಣ್ಣನ್ನು ಮೇಲಿನಿಂದ ಪದರಪದರವಾಗಿ ತೆಗೆಯಿಸಿದನು. ನಗರವನ್ನು ವಿಭಾಗಗಳನ್ನಾಗಿ ವಿಂಗಡಿಸಿ ಮನೆಬಾಗಿಲುಗಳಿಗೆ ಸಂಖ್ಯೆಗಳನ್ನು ಕೊಟ್ಟನು. ಬೂದಿ ಗಟ್ಟಿಯಾದ ಮೇಲೆ ಅದರೊಳಗಿನ ದೇಹಗಳು ಕರಗಿ ಪೊಳ್ಳುಗಳು ಉಳಿದಿದ್ದುವು. 1863ರಲ್ಲಿ ಅವನು ಅವುಗಳಿಗೆ ಜಿಪ್ಸಂ ಗಾರೆಯನ್ನು ಸುರಿಸಿದಾಗ, ಮುಖ ಮುಚ್ಚಿಕೊಂಡವರ, ಮುದುಡಿ ಬಿದ್ದವರ ಆಕೃತಿಗಳು ಮೂಡಿಬಂದುವು.

ಆ ಆಕೃತಿಗಳಿಗೂ ಜನರು ತಮಗೆ ತೋರಿದ ಕಥೆಗಳನ್ನು ಹೊಂದಿಸಿದರು. ಚಿನ್ನದ ಕಡಗ ತೊಟ್ಟ ವ್ಯಕ್ತಿ ಮತ್ತು ಬಳಿಯಿದ್ದ ಮಗು, ತಾಯಿಮಕ್ಕಳೆಂದೇ ಬಹುಕಾಲ ನಂಬಲಾಗಿತ್ತು. 2024ರಲ್ಲಿ ಪ್ರಕಟವಾದ ಡಿ.ಎನ್.ಎ. ಪರೀಕ್ಷೆಯು ಆ ವ್ಯಕ್ತಿ ಗಂಡಸೆಂದೂ ಮಗುವಿಗೆ ರಕ್ತಸಂಬಂಧಿಯಲ್ಲವೆಂದೂ ತೋರಿಸಿತು. ನಗರದ ಸುಮಾರು ಮೂರನೆಯ ಒಂದು ಭಾಗವು ಇಂದಿಗೂ ಮಣ್ಣಿನಡಿಯಲ್ಲಿದೆ. ಮುಂದಿನವರು ನಮಗಿಂತ ಚೆನ್ನಾಗಿ ಬಲ್ಲರೆಂದು ಅದನ್ನು ಕಾಯ್ದಿಡುವುದೂ ವಿವೇಕವೇ.

ಈ ದೂರದ ನಗರಕ್ಕೂ ನಮ್ಮ ಗಡಿಸೀಮೆಗೂ ಒಂದು ಸಂಬಂಧವಿದೆ. 1938ರಲ್ಲಿ ಪೊಂಪೇಯಿಯ ಮನೆಯೊಂದರಲ್ಲಿ ಭಾರತದಿಂದ ಹೋದ ದಂತದ ಸ್ತ್ರೀವಿಗ್ರಹವೊಂದು ದೊರೆಯಿತು. ಅದನ್ನು ಹೋಲುವ ದಂತದ ಬೊಂಬೆಯು, ಸೊಲ್ಲಾಪುರಕ್ಕೆ ನೆರೆಯ ಧಾರಾಶಿವ ಜಿಲ್ಲೆಯ ತೇರ್ ಗ್ರಾಮದಲ್ಲಿ ದೊರೆತಿದೆ. ಗ್ರೀಕ್ ನಾವಿಕರ ಗ್ರಂಥದಲ್ಲಿ ಬರುವ ತಗರ ನಗರವೇ ಈ ತೇರ್. ಅಲ್ಲಿನ ಹಳೆಯ ವಸ್ತುಗಳನ್ನು ಆಯ್ದು ಕೂಡಿಸಿದ ರಾಮಲಿಂಗಪ್ಪ ಲಾಮತೂರೆಯವರ ಹೆಸರಿನ ವಸ್ತುಸಂಗ್ರಹಾಲಯವು ಇಂದು ಆ ಊರಿನಲ್ಲಿದೆ.

ನಮ್ಮ ಹೊಲದ ಬದುವಿನಲ್ಲಿಯೂ ಗುಡಿಯ ಅಂಗಳದಲ್ಲಿಯೂ ಬರಹವುಳ್ಳ ಕಲ್ಲುಗಳಿವೆ. ಫೊಂಟಾನಾನಂತೆ ಅವುಗಳನ್ನು ದಾಟಿಹೋಗುವುದೋ, ವೇಬರನಂತೆ ನಿಂತು ಬರೆದುಕೊಳ್ಳುವುದೋ, ಅದು ನಮ್ಮ ಶಾಲೆಗಳ ಮಕ್ಕಳು ಮತ್ತು ಅವರ ಗುರುಗಳು ನಿರ್ಧರಿಸಬೇಕಾದ ವಿಷಯ.